ಹಾಲು ಉಕ್ಕಿಸಿದ ಕಾದಂಬರಿ

ಮೊನ್ನೆ ಸಂಜೆ ನಮ್ಮ ವಿನೋಬನಗರದ ಮನೆಯಲ್ಲಿ ಹಾಲು ಉಕ್ಕಿ, ಒಲೆಯ ಮೇಲೆಲ್ಲ ಹರಿದು ಸೀದುಹೋಯಿತು. ಸೊಸೆ ಕಿಟಕಿ ತೆರೆಯಲು ಓಡಿದಳು. ನಾನು ಕುರ್ಚಿಯಲ್ಲೇ ಕೂತು ಆ ವಾಸನೆಯನ್ನು ಎಳೆದುಕೊಂಡೆ. ಸೀದ ಹಾಲಿನ ವಾಸನೆ ಯಾರಿಗೆ ಇಷ್ಟವಾದೀತು? ನನಗೆ ಇಷ್ಟ. ಅದು ಮೂಗಿಗೆ ಬಡಿದರೆ ಸಾಕು, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸು, ಪಕ್ಕದ ಮನೆಯ ವರಾಂಡ, ಅಲ್ಲಿ ಕಾಲು ಮಡಚಿ ಕೂತು ಓದುತ್ತಿದ್ದ ಅಕ್ಕ...

ಅರವತ್ತರ ದಶಕದ ಮೊದಲ ವರ್ಷಗಳು. ಶಿವಮೊಗ್ಗದ ಗಾಂಧಿ ಬಜಾರಿನ ಹುಡುಗಿ ನಾನು, ಮದುವೆಯಾಗಿ ಆ ಕ್ವಾರ್ಟರ್ಸಿಗೆ ಹೊಸದಾಗಿ ಬಂದಿದ್ದೆ. ಪಕ್ಕದ ಮನೆಯವರು ನನಗಿಂತ ಹತ್ತು ವರ್ಷ ದೊಡ್ಡವರು; ಅಕ್ಕ ಎಂದೇ ಕರೆಯುತ್ತಿದ್ದೆ. ಅವರನ್ನು ಶಾಲೆ ಬಿಡಿಸಿ ಮದುವೆ ಮಾಡಿದ್ದರು. ಓದುವ ಹುಚ್ಚು ಬಿಡಿಸಲು ಮಾತ್ರ ಯಾರಿಂದಲೂ ಆಗಿರಲಿಲ್ಲ. ಅವರ ಅತ್ತೆಗೆ ಕಾದಂಬರಿಯೆಂದರೆ ಆಗದು. "ಕಾದಂಬರಿ ಓದೋ ಹೆಂಗಸಿಗೆ ಹಾಲು ಉಕ್ಕಿದ್ದೂ ಗೊತ್ತಾಗಲ್ಲ" ಎನ್ನುವುದು ಆಕೆಯ ನಿತ್ಯದ ಮಂತ್ರ. ಅಕ್ಕ ಎರವಲು ತಂದ ಎರಡು ಕಾದಂಬರಿಗಳು ಅರ್ಧ ಓದುವಷ್ಟರಲ್ಲಿ ಬಚ್ಚಲ ಒಲೆ ಸೇರಿದ್ದವು.

"ಒಂದನ್ನಾದ್ರೂ ಕೊನೇವರೆಗೂ ಓದ್ಬೇಕು ಕಣೇ," ಎಂದು ಅಕ್ಕ ಬಟ್ಟೆ ಒಗೆಯುತ್ತ ಹೇಳಿದ್ದರು. ಅವರ ಆಸೆ ಅಷ್ಟೇ.

ನನ್ನ ಟ್ರಂಕಿನಲ್ಲಿ ತವರಿನಿಂದ ತಂದ ಕಾದಂಬರಿಯೊಂದಿತ್ತು. ಪಾಳೇಗಾರನೊಬ್ಬ ಕೋಟೆ ಕಟ್ಟಲು ನೇಕಾರರ ಗಂಡಸರನ್ನೆಲ್ಲ ಬಿಟ್ಟಿ ಕೆಲಸಕ್ಕೆ ಎಳೆದೊಯ್ದು, ಒಂದು ಊರನ್ನೇ ಹಾಳುಮಾಡಿದ ಕಥೆ. ರಾಜ ರಾಣಿಯರ ಸುದ್ದಿಯೇ ಇಲ್ಲ, ಎಲ್ಲ ನಮ್ಮಂಥವರೇ. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಅಕ್ಕನಿಗೆ ಕೊಟ್ಟೆ.

ಮಧ್ಯಾಹ್ನ ಅಕ್ಕ ಪುರಾಣ ಓದಿ ಹೇಳುವುದು ಆ ಮನೆಯ ರೂಢಿ. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ನಮ್ಮ ಲೈನಿನ ಸಾಲುಮನೆಗಳ ನಾಲ್ಕಾರು ಹೆಂಗಸರು ಹೂಬತ್ತಿ ಹೊಸೆಯುತ್ತ ಕೇಳುತ್ತಿದ್ದೆವು. ಪುರಾಣಕ್ಕೊಂದು ಕಟ್ಟಳೆಯಿತ್ತು. ಸಾವಿನ ಪ್ರಸಂಗ ಬಂದರೆ ಅಲ್ಲಿಗೆ ನಿಲ್ಲಿಸುವಂತಿಲ್ಲ. ಶುಭವಾದದ್ದೊಂದು ಬರುವವರೆಗೆ ಓದಿಯೇ ಏಳಬೇಕು. ಅತ್ತೆ ಇದರಲ್ಲಿ ಬಲು ಕಟ್ಟುನಿಟ್ಟು.

ಹಿಡಿದಿದ್ದ ಪುರಾಣ ಮುಗಿದ ಮರುದಿನ ಅಕ್ಕ ನನ್ನ ಕಾದಂಬರಿಯನ್ನು ಅದೇ ವ್ಯಾಸಪೀಠದ ಮೇಲಿಟ್ಟು, ಅದೇ ರಾಗದಲ್ಲಿ ಶುರುಮಾಡಿಬಿಟ್ಟರು! ಮೊದಲ ಹಾಳೆಯಲ್ಲಿ ಮಗ್ಗಗಳ ಸದ್ದು, ಮದುವೆಯ ಚಪ್ಪರ, ಊರಿಗೆ ಊರೇ ಊಟಕ್ಕೆ ಕೂತ ಸಂಭ್ರಮ.

"ಇದ್ಯಾವ ಪುರಾಣವೇ?" ಎಂದು ಅತ್ತೆ ಕೇಳಿದರು.

"ನೇಕಾರರದ್ದು ಅತ್ತೆ."

ಅತ್ತೆ ತಲೆದೂಗಿದರು. ಕಥೆಯಲ್ಲಿ ಊರಿನ ಕಷ್ಟ ಹೆಚ್ಚಿದಂತೆಲ್ಲ ಆಕೆ ದಿನದಿನಕ್ಕೆ ಮುಂದೆ ಜರುಗಿ ಕೂರತೊಡಗಿದರು. ಪಾಳೇಗಾರನ ಏಳು ತಲೆಮಾರಿಗೂ ಶಾಪ ಹಾಕಿದರು. ಒಂದು ಮಧ್ಯಾಹ್ನದ ಓದಿನಲ್ಲಿ, ಪಾಳೇಗಾರನ ಆಳುಗಳು ಕಲ್ಲು ಹೊರಲೊಲ್ಲೆನೆಂದ ನೇಕಾರನ ಮಗನನ್ನು ಕೋಟೆ ಬಾಗಿಲಲ್ಲಿ ಕೊಂದರು. ಹೆಣವನ್ನು ಮನೆಯ ಅಂಗಳಕ್ಕೆ ತಂದರು.

"ಇಷ್ಟೆಲ್ಲ ಆಯ್ತಲ್ಲ, ಶಿವ ಯಾವಾಗ ಬರ್ತಾನೆ?" ಎಂದು ಅತ್ತೆ ಕೇಳಿದರು.

ಪುರಾಣದಲ್ಲಾದರೆ ಇಷ್ಟು ಹೊತ್ತಿಗೆ ಶಿವ ಪ್ರತ್ಯಕ್ಷನಾಗಬೇಕಿತ್ತು. "ನಾಳೆ ಬರ್ತಾನೆ" ಎಂದು ತೇಲಿಸಿಬಿಡಲಿ ಎಂದು ನಾನು ಕಣ್ಸನ್ನೆ ಮಾಡಿದೆ. ಅಕ್ಕ ತಲೆಯೆತ್ತಿದರು.

"ಬರಲ್ಲ ಅತ್ತೆ. ಇದು ಪುರಾಣ ಅಲ್ಲ. ಕಾದಂಬರಿ."

ಬತ್ತಿ ಹೊಸೆಯುವ ಕೈಗಳೆಲ್ಲ ನಿಂತವು. ಅತ್ತೆ ತಡವಿ ಪುಸ್ತಕವನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಮುಗಿಯಿತು, ಮೂರನೆಯದೂ ಬಚ್ಚಲ ಒಲೆಗೆ... ಅಕ್ಕನ ಕಣ್ಣು ತುಂಬಿತ್ತು. ಆದರೆ ಬೇಡಿಕೊಳ್ಳಲಿಲ್ಲ. ಅತ್ತೆ ಪುಸ್ತಕದ ಮೇಲೆ ಕೈಯಾಡಿಸಿ, ಅದನ್ನು ಮತ್ತೆ ಅಕ್ಕನ ಕಡೆ ನೂಕಿದರು.

"ಹೆಣ ಅಂಗಳದಲ್ಲಿಟ್ಟು ಪುಸ್ತಕ ಮುಚ್ಚಕ್ಕಾಗುತ್ತೇನೇ? ಶುಭ ಬರೋವರೆಗೂ ಓದು."

ಆ ಕಥೆಯಲ್ಲಿ ಶುಭ ಎಲ್ಲಿಂದ ಬರಬೇಕು! ಒಂದು ಸಾವಿನ ಬೆನ್ನಿಗೆ ಇನ್ನೊಂದು. ಮಗ್ಗಗಳಿಗೆ ಬೆಂಕಿ ಬಿತ್ತು. ಅಕ್ಕ ಓದುತ್ತಲೇ ಹೋದರು. ರಾಗ ಎಲ್ಲೋ ಬಿಟ್ಟುಹೋಗಿ ಅವರದೇ ದನಿ ಬಂದಿತ್ತು. ಕಾರ್ಖಾನೆಯ ಸೈರನ್ ಕೂಗಿತು, ಒಬ್ಬರೂ ಏಳಲಿಲ್ಲ. ಅಕ್ಕನ ಗಂಡ ಕೆಲಸ ಮುಗಿಸಿ ಬಂದು, "ಕಾಫಿ ಇಲ್ವೇನವ್ವಾ?" ಎಂದರು.

"ಹಾಲಿದೆ, ಕಾಸ್ಕೋ ಮಾರಾಯ. ಇಲ್ಲಿ ಜನ ಸಾಯ್ತಿದಾರೆ," ಎಂದರು ಅತ್ತೆ.

ಒಲೆಯ ಮೇಲೆ ಹಾಲಿಟ್ಟು, ಸಾಯುತ್ತಿರುವವರು ಯಾರೆಂದು ನೋಡಲು ಬಂದ ಆ ಪುಣ್ಯಾತ್ಮ ಬಾಗಿಲಿಗೊರಗಿ ಅಲ್ಲೇ ನಿಂತರು. ಸ್ವಲ್ಪ ಹೊತ್ತಿಗೆ ಸೀದ ವಾಸನೆ ವರಾಂಡಕ್ಕೆ ಬಂತು. ಹಾಲು ಉಕ್ಕಿತ್ತು. ಉಕ್ಕಿಸಿದ್ದು, ಹುಟ್ಟಿದಾಗಿನಿಂದ ಕಾದಂಬರಿ ಮುಟ್ಟದ ಗಂಡಸು! ಅಕ್ಕ ಗಾಬರಿಯಾಗಿ ಏಳಹೋದರು. ಅತ್ತೆ ಅವರ ತೊಡೆಯ ಮೇಲೆ ಕೈಯಿಟ್ಟು ಕೂರಿಸಿದರು.

"ಉಕ್ಕಲಿ ಬಿಡೇ. ನೀನು ಓದು."

ಕೊನೆಯ ಹಾಳೆಯಲ್ಲಿ ಉಳಿದವಳು ನೇಕಾರನ ಹೆಂಡತಿ ಒಬ್ಬಳೇ. ಸುಟ್ಟ ಮಗ್ಗದ ಲಾಳಿಯನ್ನು ಸೆರಗಿಗೆ ಕಟ್ಟಿಕೊಂಡು ಊರು ಬಿಟ್ಟು ನಡೆದಳು. ಅಷ್ಟೇ. ನಾವೆಲ್ಲ ಬಿಕ್ಕುತ್ತಿದ್ದೆವು. ಶುಭ ಬರಲಿಲ್ಲವಲ್ಲ, ಈಗ ಏಳುವುದು ಹೇಗೆ? ಅತ್ತೆ ಕಣ್ಣೊರೆಸಿಕೊಂಡು ಯೋಚಿಸಿದರು.

"ಮೊದಲನೇ ಹಾಳೆ ಇನ್ನೊಂದ್ಸಲ ಓದು. ಅಲ್ಲಿ ಎಲ್ಲಾರೂ ಇದ್ರಲ್ಲ."

ಅಕ್ಕ ಓದಿದರು. ಮಗ್ಗಗಳು ಮತ್ತೆ ಸದ್ದು ಮಾಡಿದವು, ಚಪ್ಪರ ಎದ್ದಿತು, ಸತ್ತ ಹುಡುಗ ಬಡಿಸಲು ಓಡಾಡಿದ. ಅತ್ತೆ ನಾವು ಹೊಸೆದ ಬತ್ತಿಯಲ್ಲೇ ಪುಸ್ತಕಕ್ಕೆ ಆರತಿ ಎತ್ತಿದರು. ಅಕ್ಕ ನನ್ನ ಕೈ ಹಿಸುಕಿ, "ಓದಿ ಮುಗಿಸಿದೆ ಕಣೇ!" ಎಂದರು. ಅಳುತ್ತಳುತ್ತಲೇ ನಗುತ್ತಿದ್ದ ಆ ಮುಖ... ಅಂಥ ಗೆಲುವಿನ ಮುಖವನ್ನು ನಾನು ಮತ್ತೆ ಕಂಡಿಲ್ಲ.

ಆಮೇಲೆ ಆ ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ ಬಿಟ್ಟು ಬೇರೇನೂ ಬೀಳಲಿಲ್ಲ. ಅತ್ತೆಯೇ ಮಗನನ್ನು ಶಿವಮೊಗ್ಗಕ್ಕೆ ಅಟ್ಟುತ್ತಿದ್ದರು: "ಒಳ್ಳೆ ಅಳಿಸೋ ಕಾದಂಬರಿ ನೋಡಿ ತಗೊಂಬಾರೋ." ತಮಿಳು, ತೆಲುಗು ಮನೆಗಳ ಹೆಂಗಸರೂ ಬಂದು ಕೂತರು. ವರಾಂಡ ಸಾಲದೆ ಅಂಗಳಕ್ಕೆ ಚಾಪೆ ಬಿತ್ತು. ಕೊನೆಯ ಹಾಳೆಯಾದ ಮೇಲೆ ಮೊದಲ ಹಾಳೆ ಓದುವುದು ನಮ್ಮ ಲೈನಿನ ಪದ್ಧತಿಯೇ ಆಯಿತು.

ಮೊನ್ನೆ ಸಂಜೆ ಅಕ್ಕನ ಮಗ ಫೋನ್ ಮಾಡಿದ್ದ. ಅಕ್ಕ ಹೋಗಿಬಿಟ್ಟರು. ಫೋನ್ ಇಟ್ಟು, ಒಲೆಯ ಮೇಲೆ ಹಾಲಿದ್ದುದನ್ನೂ ಮರೆತು, ಅಕ್ಕ ಓದಿ ಹಿಂತಿರುಗಿಸಿದ್ದ ಆ ನೇಕಾರರ ಪುಸ್ತಕ ಹುಡುಕಿ ತೆಗೆದು ಕೊನೆಯ ಹಾಳೆ ಓದುತ್ತ ಕೂತಿದ್ದೆ.

"ಏನತ್ತೆ, ಹಾಲು ಉಕ್ಕಿದ್ದೂ ಗೊತ್ತಾಗ್ಲಿಲ್ವಾ?" ಎಂದಳು ಸೊಸೆ.

"ಉಕ್ಕಲಿ ಬಿಡಮ್ಮ," ಎಂದೆ. ಮೊದಲ ಹಾಳೆಗೆ ತಿರುಗಿಸಿ ಗಟ್ಟಿಯಾಗಿ ಓದಿದೆ. ಮಗ್ಗಗಳ ಸದ್ದಿತ್ತು, ಚಪ್ಪರವಿತ್ತು, ಎಲ್ಲರೂ ಇದ್ದರು. ಓದುವ ದನಿ ಮಾತ್ರ ಅಕ್ಕನದಾಗಿರಲಿಲ್ಲ.