ಆಯಮ್ಮ ಕೇಳಿದ ಬಾಗಿಲು

ಮೊನ್ನೆ ಹೊರಮಾವಿನ ಸೈಟೊಂದರಲ್ಲಿ ಹೊಸ ಗೋಡೆಗೆ ನೀರು ಹಾಕುತ್ತಿದ್ದರು. ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದದ್ದೇ ಮರ್ಫಿ ಟೌನಿನ ಆಯಮ್ಮ ನೆನಪಾದರು...

ತೊಂಬತ್ತರ ದಶಕದ ಕೊನೆ. ಅಲ್ಲಿ ಬ್ರಿಟಿಷರ ಕಾಲದ ಹೆರಿಗೆ ಆಸ್ಪತ್ರೆಯೊಂದು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅದನ್ನು ಸುತ್ತಲಿನವರಿಗೆಲ್ಲ ಒದಗುವ ಸಮುದಾಯ ಭವನ ಮಾಡಬೇಕೆಂದು ಬಡಾವಣೆಯ ಕಮಿಟಿಯವರು ನಕ್ಷೆ ಬರೆಯಲು ನನ್ನನ್ನು ಕರೆದರು. ಹೊಸದಾಗಿ ಆರ್ಕಿಟೆಕ್ಟ್ ಆದ ಜಂಬ ನನಗೆ. ಹಳೇ ವಾರ್ಡಿನ ನಡುವೆ ಮಡಚುವ ಮರದ ಪಾರ್ಟಿಷನ್ ಹಾಕಿದ್ದೆ. ಮುಚ್ಚಿದರೆ ಈ ಕಡೆ ಟ್ಯೂಷನ್, ಆ ಕಡೆ ಹೊಲಿಗೆ ಕ್ಲಾಸು; ತೆರೆದರೆ ಮದುವೆ.

ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಆಯಮ್ಮ ಆಗ ಕಟ್ಟಡ ಕಾಯುತ್ತಿದ್ದರು. ನನ್ನ ವಿವರಣೆಯನ್ನೆಲ್ಲ ಕೇಳಿ, "ಸಾವಿಗೆ ಜಾಗ ಎಲ್ಲಿ ಮೇಡಂ?" ಎಂದರು.

ಹಿಂಬದಿಯಲ್ಲಿ ಸ್ಟ್ರೆಚರ್ ಬರುತ್ತಿದ್ದ ಅಗಲವಾದ ಬಾಗಿಲಿತ್ತು. "ಇದನ್ನ ಹಾಗೇ ಬಿಡಿ. ನಮ್ಮ ಮನೆಗಳಲ್ಲಿ ಶವದ ಪೆಟ್ಟಿಗೆ ತಿರುಗಲ್ಲ. ಬೀದೀಲೇ ಇಡ್ಬೇಕು. ಈ ಬಾಗಿಲಿದ್ರೆ ಇಲ್ಲಿಗೆ ತರ್ಬಹುದು," ಎಂದರು. ಒಂದೊಂದೇ ಕೋಣೆಯ ಮನೆಗಳು, ಮೊಣಕೈಯಷ್ಟು ಅಗಲದ ಮೆಟ್ಟಿಲು... ಅವರು ಹೇಳಿದ್ದು ನಿಜವೇ. "ಆಗಲಿ ಆಯಮ್ಮ," ಎಂದೆ. ಅವರು ಗಲ್ಲಿಗೆಲ್ಲ ಸುದ್ದಿ ಹೇಳಿ ಬಂದರು.

ಕಮಿಟಿ ಸಭೆಯಲ್ಲಿ ಹಿರಿಯರೊಬ್ಬರು, "ಹೆಣ ಇಟ್ಟ ಹಾಲ್‌ನಲ್ಲಿ ಯಾರ್ರೀ ಮದುವೆ ಮಾಡ್ತಾರೆ?" ಎಂದರು. ಪಾರ್ಟಿಷನ್ ಇದೆ, ಬಾಗಿಲೂ ಬೇರೆ ಎಂದು ನಾನು ಹೇಳಬಹುದಿತ್ತು. ಸಿಕ್ಕ ಮೊದಲ ಕೆಲಸ ಎಲ್ಲಿ ಕೈತಪ್ಪುತ್ತದೋ ಎಂಬ ಪುಕ್ಕಲುತನ. ಬಾಗಿಲು ಅಳಿಸಿ ಆ ಜಾಗದಲ್ಲಿ ಅಡುಗೆಮನೆಯ ಗೋಡೆ ಬರೆದೆ.

ಗೋಡೆ ಎದ್ದಾಗ ಆಯಮ್ಮ ಜಗಳವಾಡಲಿಲ್ಲ. ಸೈಟಿನಲ್ಲಿ ನೀರು ಹಾಕುವ ಕೆಲಸವೂ ಅವರದೇ. ವಾರವಿಡೀ ಬೆಳಿಗ್ಗೆ, ಸಂಜೆ ಕೊಡದಲ್ಲಿ ನೀರು ಹೊತ್ತು ತಂದು ಆ ಗೋಡೆಯನ್ನು ನೆನೆಸಿದರು. ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಮುಖ ನೋಡುವುದನ್ನು ಮಾತ್ರ ಬಿಟ್ಟರು.

ನಾಲ್ಕೈದು ವರ್ಷದ ಮೇಲೆ ಅವರು ತೀರಿಕೊಂಡರೆಂದು ತಿಳಿದು ಹೋದೆ. ಗಲ್ಲಿಯಲ್ಲಿ ಎರಡು ಸ್ಟೂಲಿನ ಮೇಲೆ ಪೆಟ್ಟಿಗೆ ಇಟ್ಟಿದ್ದರು. ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನ ಗಾಡಿ ಬಂತು. ದಾರಿ ಬಿಡಲು ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಡಬೇಕಾಯಿತು. ನಾನೂ ಕೈಜೋಡಿಸಿದೆ. ತುಂಬ ಹಗುರವಿದ್ದರು... ಹತ್ತು ಹೆಜ್ಜೆಯಾಚೆ ನಮ್ಮ ಹಾಲ್ ಅವತ್ತು ಖಾಲಿಯೇ ಇತ್ತು, ಬೀಗ ಹಾಕಿತ್ತು.

ಹಾಲ್ ಈಗಲೂ ಚೆನ್ನಾಗಿ ನಡೆಯುತ್ತಿದೆಯಂತೆ. ಅದು ನನ್ನ ಕೆಲಸವೆಂದು ನಾನು ಎಲ್ಲೂ ಹೇಳಿಕೊಳ್ಳುವುದಿಲ್ಲ. ಆಯಮ್ಮ ಬದುಕಿದ್ದಾಗ, ತಪ್ಪಾಯಿತೆನ್ನಲು ಒಮ್ಮೆಯೂ ಆ ಕಡೆ ತಲೆ ಹಾಕಲಿಲ್ಲ. ಈಗ ಹೇಳುತ್ತಿದ್ದೇನೆ, ಕೇಳಲು ಅವರಿಲ್ಲ.