ಕ್ಯಾಂಪಿನಕ್ಕ ಬಾಯಿ ತೆರೆದ ದಿನ

ಮೊನ್ನೆ, ನಾನು ಹಗ್ಗ ಹೊಸೆಯುವುದನ್ನು ಕಲಿಸುವ ತರಬೇತಿ ಕೋಣೆಯ ಹಾಜರಿ ಪುಸ್ತಕ, ನಾರು ನೆನೆಹಾಕಿದ ಟಬ್ಬಿನಲ್ಲಿ ಬಿತ್ತು. ಹೊಸದಾಗಿ ಕಲಿಯಲು ಬಂದ ಹುಡುಗಿಯೊಬ್ಬಳು ಸಹಿ ಮಾಡಿ ಟಬ್ಬಿನ ಅಂಚಿನ ಮೇಲೆ ಇಟ್ಟಿದ್ದಳಂತೆ. ಬಾಳೆನಾರಿನ ವಾಸನೆ ನನಗೇನೂ ಹೊಸದಲ್ಲ. ಹನ್ನೆರಡು ತಿಂಗಳೂ ಅದರಲ್ಲೇ ಕೈ ಅದ್ದಿಕೊಂಡು ಕೂತವಳು ನಾನು, ಸೋಪು ಹಚ್ಚಿ ತಿಕ್ಕಿದರೂ ಬೆರಳಿನಿಂದ ಹೋಗುವುದಿಲ್ಲ. ಆದರೆ ಆ ವಾಸನೆಯ ಜೊತೆ ನೆಂದ ಕಾಗದದ ವಾಸನೆಯೂ ಬೆರೆತು ಮೂಗಿಗೆ ಬಡಿದದ್ದು ನನ್ನ ಜೀವನದಲ್ಲಿ ಇದು ಎರಡನೇ ಸಲ. ಮೊದಲು ಹೆದರಿಕೆ ಬಂತು, ಕ್ಯಾಂಪಿನಕ್ಕನ ನೆನಪು ಅದರ ಹಿಂದಿನಿಂದ ಬಂತು.

ಬಯ್ಯುತ್ತೇನೆಂದು ಹುಡುಗಿ ಮುದುಡಿ ನಿಂತಿದ್ದಳು. ನಾನು ಬಯ್ಯಲಿಲ್ಲ. ಪುಸ್ತಕ ಎತ್ತಿಕೊಂಡು, ಹಾಳೆ ಹಾಳೆ ಬಿಡಿಸಿ, ನಡುನಡುವೆ ಒಣಗಿದ ನಾರಿನ ಎಳೆ ಇಡುತ್ತ ಹೋದೆ. ಹಾಗಿಟ್ಟರೆ ಹಾಳೆಗಳು ಒಂದಕ್ಕೊಂದು ಅಂಟುವುದಿಲ್ಲ. ಹುಡುಗಿಗೆ ಬೆರಗು. “ಇದನ್ನ ಯಾರು ಕಲಿಸಿದ್ರು ರೀ ನಿಮಗ?” ಎಂದಳು.

ಹುಡುಗಿಗೆ ಏನು ಹೇಳಿದೆ ಎಂಬುದನ್ನು ಕೊನೆಗೆ ಬರೆಯುತ್ತೇನೆ. ಅಷ್ಟರೊಳಗೆ ಬರೆಯುವ ಧೈರ್ಯ ಬಂದರೆ...

ನಮ್ಮದು ಆನೆಗೊಂದಿ ಕಡೆಯ ಹಳ್ಳಿ. ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಬಂಡೆಗಲ್ಲಿನ ಗುಡ್ಡ, ನಡುವೆ ಭತ್ತ, ಬಾಳೆ. ಗೊನೆ ಕಡಿದ ಮೇಲೆ ಬಾಳೆಗಿಡ ಹೊಲದಲ್ಲೇ ಕೊಳೆಯುತ್ತಿತ್ತು. ಅದರ ಪಟ್ಟೆ ಸುಲಿದು, ಒಣಗಿಸಿ, ಮತ್ತೆ ನೆನೆಸಿ, ಹಗ್ಗ ಹೊಸೆದು ಚೀಲ ಬುಟ್ಟಿ ಹೆಣೆಯುವುದನ್ನು ನಮ್ಮ ಓಣಿಯ ಹೆಂಗಸರಿಗೆ ಕಲಿಸಲು ಬಂದವಳು ಆಕೆ. ಕಾಲುವೆ ನೀರು ಬಂದ ಕಾಲಕ್ಕೆ ಆಂಧ್ರದ ಕಡೆಯಿಂದ ಬಂದು ಗಂಗಾವತಿ ಸುತ್ತ ನೆಲೆ ನಿಂತವರ ಊರುಗಳಿಗೆ ನಾವು ಕ್ಯಾಂಪ್ ಎನ್ನುತ್ತೇವೆ. ಅಂಥ ಒಂದು ಕ್ಯಾಂಪಿನವಳಾದ್ದರಿಂದ ನಮಗೆಲ್ಲ ಆಕೆ ಕ್ಯಾಂಪಿನಕ್ಕ. ನನ್ನನ್ನು ಮಾತ್ರ ತನ್ನ ತೆಲುಗಿನಲ್ಲಿ ಚೆಲ್ಲೆಮ್ಮಾ, ತಂಗೀ, ಎಂದು ಕರೆಯುತ್ತಿದ್ದಳು. ಆಕೆ ಬಾಡಿಗೆಗೆ ಹಿಡಿದದ್ದು ನಮ್ಮ ಪಕ್ಕದ ಒಂದೇ ಕೋಣೆಯ ಮನೆ. ನಡುವೆ ಒಂದೇ ಗೋಡೆ, ಹಿಂದೆ ಒಂದೇ ಹಿತ್ತಲು.

ಐವತ್ತರ ಹತ್ತಿರದ ವಯಸ್ಸು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕುಂಕುಮ ಬಿಡಿ, ಹಣೆಯ ಮೇಲೆ ವಿಭೂತಿಯ ಗೆರೆ ಕೂಡ ಇಲ್ಲ. ಬಂದ ದಿನವೇ ಹೆಂಗಸರು ಆ ಬರಿ ಹಣೆ ನೋಡಿ, “ಈಕಿ ಯೇಸಪ್ಪನ ಪೈಕಿ ಕಾಣ್ತಾಳ” ಎಂದು ತೀರ್ಮಾನಿಸಿದ್ದರು. ಆಮೇಲೆ ಆ ಮಾತನ್ನು ಮರೆತೂ ಬಿಟ್ಟಿದ್ದರು. ಕೆಲಸ ಅಷ್ಟು ಛಲೋ ಕಲಿಸುತ್ತಿದ್ದಳು.

ಆಕೆಯಂಥ ಅಂಜುಬುರುಕಿಯನ್ನು ನಾನು ಮತ್ತೆ ನೋಡಿಲ್ಲ. ಹಲ್ಲಿ ಲೊಚಗುಟ್ಟಿದರೆ ಬೆಚ್ಚುವಳು. ಬಸ್ಸಿನಲ್ಲಿ ತನ್ನ ಸ್ಟಾಪು ಬಂದರೂ ಕಂಡಕ್ಟರನಿಗೆ ಹೇಳಲು ಅಂಜಿ, ಮುಂದಿನ ಸ್ಟಾಪಿನಲ್ಲಿ ಯಾರಾದರೂ ಇಳಿದರೆ ಅವರ ಹಿಂದೆ ಇಳಿದು, ಬಿಸಿಲಲ್ಲಿ ನಡೆದು ಬರುವಳು. ಹಾಲಿನವನು ನೀರು ಬೆರೆಸಿದ್ದು ಕಣ್ಣಿಗೆ ಕಂಡರೂ ಜಗಳಕ್ಕೆ ನನ್ನನ್ನೇ ಕರೆಯುವಳು. ನಾನೋ ಬಾಯಿಬಡುಕಿ. ಊರ ಉಸಾಬರಿಯೆಲ್ಲ ನನ್ನದೇ.

ಹಗ್ಗ ಹೊಸೆಯುವಾಗ ಆಕೆ ಒಳಗೊಳಗೇ ಏನೋ ಗುನುಗುತ್ತಿದ್ದಳು. ಒಂದು ಮಧ್ಯಾಹ್ನ ಹಿತ್ತಲಲ್ಲಿ ನಾವಿಬ್ಬರೇ ಕೂತಿದ್ದಾಗ, ಅದೇನು ಹಾಡು ಎಂದು ಕೇಳಿದೆ. ಹಾಡಲ್ಲವಂತೆ, ಪ್ರಾರ್ಥನೆಯಂತೆ. ಓಣಿಯ ಒಂದೊಂದು ಮನೆಯವರ ಹೆಸರು ಹಿಡಿದು, ಇವರಿಗೆ ಒಳ್ಳೆಯದಾಗಲಿ ಎನ್ನುತ್ತಿದ್ದಳಂತೆ. ನನ್ನ ಹೆಸರೂ ಇತ್ತು. ಯಾರಿಗೂ ಹೇಳದೆ ನನ್ನ ಹೆಸರನ್ನು ದಿನಾ ದೇವರ ಮುಂದೆ ಇಡುವವರು ಒಬ್ಬರಿದ್ದಾರೆ ಎಂದು ತಿಳಿದು ನನಗೆ ಯಾಕೋ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು, “ಇಷ್ಟ್ಯಾಕ ಕಷ್ಟ ಪಡ್ತಿ ಯಕ್ಕಾ?” ಎಂದು ಕೆಣಕಿದೆ.

“ನಮ್ಮ ಪ್ರಭು ಮ್ಯಾಲೆ ಹೋಗೋ ಮುಂದ ಒಂದು ಕೆಲಸ ಒಪ್ಪಿಸಿ ಹೋಗ್ಯಾನ ಚೆಲ್ಲೆಮ್ಮಾ,” ಎಂದಳು. “ಲೋಕದಾಗಿನ ಎಲ್ಲಾ ಮಂದಿ ಹತ್ರ ಹೋಗ್ರಿ, ಅವರನ್ನ ನನ್ನ ಶಿಷ್ಯರನ್ನಾಗಿ ಮಾಡ್ರಿ ಅಂತ.”

ನನಗೆ ನಗು ತಡೆಯಲಾಗಲಿಲ್ಲ. “ಎಲ್ಲಾ ಮಂದೀನ? ಹಾಲಿನವನ ಮುಂದ ಬಾಯಿ ಬಿಡಾಕ ಆಗಂಗಿಲ್ಲ ನಿನಗ! ನರಿ ಕೂಗು ಗಿರಿ ಮುಟ್ಟತೈತೇನ?”

ಆಕೆಯೂ ನಕ್ಕಳು. ಆಮೇಲೆ ಕೈ ನಿಲ್ಲಿಸಿದಳು. “ಅದೇ ನನ್ನ ಭಯ. ಹೇಳಾಕ ಒಂದು ಭಯ. ಹೇಳದ ಸತ್ರ ಆತನ ಮುಂದ ಹೆಂಗ ನಿಲ್ಲಲಿ ಅಂತ ಇನ್ನೊಂದು ಭಯ. ಲೋಕ ಎಲ್ಲಾ ನನ್ನ ಕೈಲೆ ಆಗಲ್ಲಮ್ಮಾ. ಒಬ್ಬರು... ಒಬ್ಬರಾದ್ರೂ ತಾವಾಗೇ ಬಂದು, ನಿನ್ನ ದೇವರು ಯಾರು ಅಂತ ಕೇಳಿದ್ರ ಸಾಕು. ಕೇಳಿದ್ರ ಹೇಳೇ ಹೇಳ್ತೀನಿ. ಅದಕ್ಕ ಕಾಯಾಕತ್ತೀನಿ.”

“ನನ್ನ ಕಡೆ ನೋಡಬ್ಯಾಡ,” ಎಂದೆ. “ನಮ್ಮ ಮನಿದೇವ್ರು ಹುಲಿಗೆಮ್ಮ. ಭಾಳ ಸಿಟ್ಟಿನಾಕಿ.”

“ನೋಡಲ್ಲ ಬಿಡಮ್ಮಾ,” ಎಂದು ಮತ್ತೆ ಹೊಸೆಯತೊಡಗಿದಳು. ಗುನುಗುವುದು ಮಾತ್ರ ಬಿಡಲಿಲ್ಲ. ಗೋಡೆಯ ಆಚೆಯಿಂದ ಬರುತ್ತಿದ್ದ ಆ ಸಣ್ಣ ದನಿಯಲ್ಲಿ ನನ್ನ ಹೆಸರು ಎಲ್ಲಿ ಬರುತ್ತದೆ ಎಂದು ರೊಟ್ಟಿ ಬಡಿಯುತ್ತ ಕಿವಿಗೊಟ್ಟು ಕೇಳುವುದು ನನಗೆ ರೂಢಿಯಾಯಿತು.

ಆ ಬೇಸಿಗೆಯಲ್ಲಿ ಎಲ್ಲರ ಮೊಬೈಲಿಗೂ ಒಂದು ವಿಡಿಯೋ ಬಂತು. ಎಲ್ಲಿಯದೋ ಊರು, ಯಾರದೋ ಮನೆ. ಮತಾಂತರ ಮಾಡುತ್ತಿದ್ದಾರೆಂದು ಜನ ನುಗ್ಗಿ ಪಾತ್ರೆ ಪಗಡ ಬೀದಿಗೆ ಎಸೆಯುತ್ತಿದ್ದರು, ಒಬ್ಬ ಹೆಂಗಸು ಮೂಲೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದಳು. ಆಕೆಯ ಮುಖ ಕಾಣುತ್ತಿರಲಿಲ್ಲ. ಮುಖ ಕಾಣದ್ದಕ್ಕೇ ನನಗೆ ಆಕೆ ಕ್ಯಾಂಪಿನಕ್ಕನ ಹಾಗೇ ಕಂಡಳು. ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದ ನನ್ನ ಗಂಡ, “ಆಕಿ ಜೋಡಿ ಕುಂದ್ರಬ್ಯಾಡ. ತಾನೂ ಕೆಟ್ಟು ವನಾನೂ ಕೆಡಸ್ತಾಳ. ನನ್ನ ನೌಕರಿಗೆ ಸಂಚಕಾರ ಬರತೈತಿ” ಎಂದ. ಓಣಿಯ ಹೆಂಗಸರು ಒಂದೊಂದು ನೆವ ಹೇಳಿ ಕಲಿಯಲು ಬರುವುದು ಬಿಟ್ಟರು. ನಾನು ಬಿಡಲಿಲ್ಲ, ಆದರೆ ಮುಂಬಾಗಿಲಿನಿಂದ ಹೋಗುವುದನ್ನು ಬಿಟ್ಟು ಹಿತ್ತಲಿನಿಂದ ಹೋಗತೊಡಗಿದೆ. ಓಣಿಯ ಬಾಯಲ್ಲಿ ಮೋಟಾರ್ ಸೈಕಲ್ಲು ನಿಂತ ಸದ್ದಾದರೆ ಕೈಯಲ್ಲಿದ್ದ ಕೆಲಸ ಹಾಗೇ ನಿಲ್ಲುತ್ತಿತ್ತು.

ಅವರು ಬಂದದ್ದು ಇಳಿಹೊತ್ತಿಗೆ. ಐದಾರು ಗಂಡಸರು, ನಮ್ಮೂರಿನವರಲ್ಲ. ಓಣಿಯ ಬಾಯಲ್ಲಿ ನಿಂತು, “ಕ್ಯಾಂಪಿನಾಕಿ ಮನಿ ಯಾವುದು?” ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಕೈಗೆ ಸಿಕ್ಕ ವಿಭೂತಿ ಗಟ್ಟಿ ಹಿಡಿದು ಹಿತ್ತಲಿನಿಂದ ಓಡಿದೆ.

ಆಕೆ ಟಬ್ಬಿನ ಮುಂದೆ ಕೂತು ನಾರು ಹಿಂಡುತ್ತಿದ್ದಳು. ಗೂಡಿನಲ್ಲಿ ಆಕೆಯ ಬೈಬಲ್ಲು. ಒಂದೇ ಕೋಣೆ, ಮುಚ್ಚಿಡಲು ಇನ್ನೆಲ್ಲಿ ಜಾಗ? ಅದನ್ನೆತ್ತಿ ಟಬ್ಬಿನ ತಳಕ್ಕೆ ತುರುಕಿ ಮೇಲೆ ನೆಂದ ನಾರು ಎಳೆದೆ. ಆಕೆಯ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಬಳಿದೆ. ಆಕೆ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಗಡಗಡ ನಡುಗುತ್ತ ಎದ್ದು ನಿಂತಳು. ಅಷ್ಟರಲ್ಲಿ ಬಾಗಿಲಿಗೆ ಅಡ್ಡಲಾಗಿ ಅವರು.

“ಮತಾಂತರ ಮಾಡಾಕಿ ಒಬ್ಬಾಕಿ ಅದಾಳಂತಲ್ಲ ಇಲ್ಲಿ. ಎಲ್ಲದಾಳ?” ಮುಂದೆ ನಿಂತವನು ಕೇಳಿದ. ಅವನ ಪಕ್ಕದವನು ಮೊಬೈಲು ಎತ್ತಿ ಹಿಡಿದಿದ್ದ.

“ಆಕಿ ಹೋದ ವಾರನ ಊರಿಗೆ ಹೋದಳ್ರಿ.”

“ಮತ್ತ ಈಕಿ ಯಾರು?”

“ನಮ್ಮ ನಾದಿನಿ ರೀ.”

“ಯಾಕ ನಡಗಾಕತ್ಯಾಳ?”

“ಇಷ್ಟು ಮಂದಿ ಗಂಡಸರು ಬಾಗಲಿಗೆ ಬಂದು ನಿಂತ್ರ ಯಾರು ನಡಗಂಗಿಲ್ರಿ?” ಎಂದೆ.

ಅವರ ಹಿಂದೆ ಒಬ್ಬ ತೆಳ್ಳನೆಯ ಹುಡುಗ ನಿಂತಿದ್ದ. ಇಪ್ಪತ್ತು ಇಪ್ಪತ್ತೆರಡು ಇರಬೇಕು. ಅವನೊಬ್ಬನೇ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದ. ಆಕೆಯ ಮುಖವನ್ನೇ ನೋಡಿ, ಮೆತ್ತಗಿನ ದನಿಯಲ್ಲಿ ಕೇಳಿದ: “ಯಕ್ಕಾ, ನೀವು ಯಾವ ದೇವ್ರಿಗೆ ನಡಕೋತೀರಿ?”

ಆಕೆಯ ನಡುಕ ನಿಂತಿತು. ನಾನು ಕಣ್ಣಾರೆ ಕಂಡೆ. ಹೆಗಲು ನೆಟ್ಟಗಾಯಿತು, ತುಟಿ ತೆರೆಯಿತು, ಉಸಿರು ಒಳಗೆ ಎಳೆದುಕೊಂಡಳು. ಆ ವಿಡಿಯೋದ ಹೆಂಗಸು ನನ್ನ ಕಣ್ಣ ಮುಂದೆ ಬಂದು ಕೂತಳು. ನಾನು ಆಕೆಯ ರಟ್ಟೆ ಹಿಡಿದೆ, ಉಗುರು ಚರ್ಮದೊಳಗೆ ಇಳಿಯುವ ಹಾಗೆ ಹಿಡಿದೆ.

“ಆಕಿಗೆ ಮಾತು ಬರಂಗಿಲ್ಲಪ್ಪಾ,” ಎಂದೆ. “ಹುಟ್ಟಾ ಮೂಗಿ.”

ಆಕೆ ನನ್ನತ್ತ ತಿರುಗಿ ನೋಡಿದಳು. ಆಮೇಲೆ ಬಾಯಿ ಮುಚ್ಚಿದಳು. ಮೊಬೈಲಿನವನು ವಿಭೂತಿಯ ಹಣೆಯ ವಿಡಿಯೋವನ್ನು ಹತ್ತಿರದಿಂದ ತೆಗೆದುಕೊಂಡ. ಹುಡುಗ, ಪಾಪ, ಮೂಗಿಯನ್ನು ಕಾಡಿದೆನಲ್ಲಾ ಎಂಬಂತೆ ಆಕೆಗೆ ಕೈ ಮುಗಿದು ಚಪ್ಪಲಿ ಮೆಟ್ಟಿಕೊಂಡ. ಅವರು ಹೋಗುವಾಗ ಓಣಿಯ ಎಲ್ಲ ಬಾಗಿಲಲ್ಲೂ ಹೆಂಗಸರಿದ್ದರು. ನಾನಾಡಿದ್ದು ಎಲ್ಲರಿಗೂ ಕೇಳಿಸಿತ್ತು. ಆಕೆಯ ದನಿಯನ್ನು ದಿನಾ ಕೇಳಿದವರೇ ಎಲ್ಲರೂ. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ನಾನು ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತೆ. ಆಕೆ ಅಳಲಿಲ್ಲ. ಟಬ್ಬಿಗೆ ಕೈ ಹಾಕಿ ಬೈಬಲ್ಲನ್ನು ಹೊರತೆಗೆದಳು. ನೀರು ಸೋರುತ್ತಿತ್ತು. ಒಣ ನಾರಿನ ಕಂತೆ ಬಿಚ್ಚಿ, ಹಾಳೆ ಹಾಳೆ ಬಿಡಿಸಿ, ನಡುನಡುವೆ ಎಳೆ ಇಡುತ್ತ ಕೂತಳು. ಹಣೆಯ ಮೇಲೆ ವಿಭೂತಿ ಹಾಗೇ ಇತ್ತು.

“ಆ ಹುಡುಗ ತಾನಾಗೇ ಕೇಳಿದ ಚೆಲ್ಲೆಮ್ಮಾ.”

“ಹೇಳಿದ್ರ ಕೊಂದ ಬಿಡ್ತಿದ್ರು ನಿನ್ನ! ನನ್ನ ಮನೀನೂ ಉಳೀತಿರಲಿಲ್ಲ!” ಎಂದು ಚೀರಿದೆ.

“ಹೌದಮ್ಮಾ. ನೀನು ನನ್ನ ಉಳಿಸಿದಿ.” ಇನ್ನೊಂದು ಎಳೆ ಇಟ್ಟಳು. “ಇಷ್ಟು ವರ್ಷದಾಗ ಒಬ್ಬರೂ ಕೇಳಿರಲಿಲ್ಲ. ಅವನು ಕೇಳಿದಾಗ ನನಗ ಒಂದೀಟೂ ಭಯ ಇರಲಿಲ್ಲ... ಅದೊಂದೇ ಸಲ.”

ಅಲ್ಲಿಗೇ ಮುಗಿಯಲಿಲ್ಲ. ಆಕೆಯ ಮುಖ ಅವರ ಮೊಬೈಲಿನಲ್ಲಿತ್ತು. ಮತ್ತೆ ಬಂದರೆ? ಊರಲ್ಲಿ ಯಾರ ಕಿವಿ ಹೇಗಿರುತ್ತದೋ? “ಹೊರಗ ಮಾತಾಡಬ್ಯಾಡ ಯಕ್ಕಾ, ಸ್ವಲ್ಪ ದಿನ” ಎಂದು ನಾನೇ ಹೇಳಿದೆ. ಆಕೆ ತಲೆ ಆಡಿಸಿದಳು. ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ತಂದಳು. ಈಗ ಹೆದರಿಕೆ ಇಲ್ಲವೆಂದು ಕಲಿಯಲು ಮರಳಿ ಬಂದ ಹೆಂಗಸರಿಗೆ ಗಂಟು ಹಾಕುವುದನ್ನು ಕೈಯಲ್ಲೇ ತೋರಿಸಿದಳು. ಹೀಗೆ ಎರಡು ತಿಂಗಳು. ಮನೆಯೊಳಗೆ ಮಾತಾಡಬಾರದೆಂದು ನಾನು ಹೇಳಿರಲಿಲ್ಲ. ಆದರೂ ಗೋಡೆಯ ಆಚೆಯ ಗುನುಗು ನಿಂತಿತ್ತು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗೋಡೆಗೆ ಕಿವಿ ಹಚ್ಚಿದೆ, ಒಂದು ದಿನವಲ್ಲ, ಎಷ್ಟೋ ದಿನ. ನನ್ನ ಹೆಸರು ಬರಲಿಲ್ಲ. ಯಾರ ಹೆಸರೂ ಬರಲಿಲ್ಲ.

ಆಮೇಲೆ ಆಕೆ ಕ್ಯಾಂಪಿಗೆ ಹೊರಟಳು. ಗಂಗಾವತಿ ಬಸ್ಸು ಹತ್ತಿಸಿ, ಎಲ್ಲಿ ಇಳಿಸಬೇಕೆಂದು ಕಂಡಕ್ಟರನಿಗೆ ನಾನೇ ಹೇಳಿದೆ. “ಯಾಕ್ರಿ, ಅವರಿಗೆ ಬಾಯಿಲ್ಲೇನು?” ಎಂದು ಆತ ನಗಾಡಿದ. ಕಿಟಕಿಯಲ್ಲಿ ಆಕೆ ಕೈ ಎತ್ತಿದಳು. ನನಗೆ ಸಿಟ್ಟು ಬಂದಿತ್ತು, ಕಂಡಕ್ಟರನ ಮೇಲಲ್ಲ.

ಮರುವರ್ಷ ಗಂಗಾವತಿ ಸಂತೆಯಲ್ಲಿ ಆ ಕ್ಯಾಂಪಿನ ಹೆಂಗಸೊಬ್ಬಳು ಸಿಕ್ಕಳು. ಕ್ಯಾಂಪಿನಕ್ಕ ಜ್ವರ ಬಂದು ತೀರಿಕೊಂಡು ಮಣ್ಣಾಗಿ ತಿಂಗಳಾಯಿತೆಂದಳು. ಕೊನೆಗೆ ಏನಾದರೂ ಮಾತಾಡಿದಳೇ ಎಂದು ಕೇಳಲು ನನಗೆ ನಾಲಗೆ ಏಳಲಿಲ್ಲ.

ನಾನು ಆಕೆಯ ಶಿಷ್ಯಳಾದದ್ದು ಹಗ್ಗಕ್ಕೆ ಮಾತ್ರ. ಇವತ್ತಿಗೂ ಹುಲಿಗೆಮ್ಮನಿಗೇ ನಡೆದುಕೊಳ್ಳುತ್ತೇನೆ. ಆಕೆಯ ದೇವರ ವಿಷಯ ನನಗೆ ತಿಳಿಯದು. ಆದರೆ ಒಬ್ಬ ಅಂಜುಬುರುಕಿ ಜನ್ಮವಿಡೀ ಕಾದ ಒಂದು ಕ್ಷಣವನ್ನು ನಾನು ಉಗುರಿನಿಂದ ಚಿವುಟಿ ಹಾಕಿದೆ ಎಂಬುದು ತಿಳಿದಿದೆ. ಅದೇ ಕ್ಷಣ ಮತ್ತೆ ಬಂದರೂ ಹಾಗೇ ಮಾಡುತ್ತೇನೆ ಎಂಬುದೂ ತಿಳಿದಿದೆ. ಹೆದರಿಕೆಯಾಗುವುದು ಅದಕ್ಕೇ. ಇಲ್ಲಿಯೂ ಆಕೆಯ ಹೆಸರು ಬರೆದಿಲ್ಲ, ನೋಡಿ.

ಮೊನ್ನೆ ಆ ಹುಡುಗಿ, ಇದನ್ನ ಯಾರು ಕಲಿಸಿದರು ಎಂದು ಕೇಳಿದಾಗ ಕೋಣೆಯಲ್ಲಿ ಏಳೆಂಟು ಮಂದಿ ಇದ್ದರು. ಅವರಲ್ಲೊಬ್ಬಳು, ಪುಸ್ತಕ ಒಣಗಿಸುವ ಬಗೆ ಛಲೋ ಐತೆಂದು ಮೊಬೈಲು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದಳು. ಹುಡುಗಿ ತಾನಾಗೇ ಕೇಳಿದ್ದಳು. ನಾನು ಬಾಯಿ ತೆರೆದೆ. ಮೊಬೈಲು ನೋಡಿದೆ.

“ಒಬ್ಬಾಕಿ ಮೂಗಿ ಇದ್ಲವ್ವಾ,” ಎಂದೆ. “ಆಕಿ ಕಲಿಸಿದ್ಲು.”

ಈ ಸಲ ನನ್ನ ರಟ್ಟೆಯನ್ನು ಯಾರೂ ಹಿಡಿದಿರಲಿಲ್ಲ.