ಬೆನ್ನಿಗೆ ಮುಖ ಬಂದ ಬಗೆ

ನನ್ನ ಸೋದರತ್ತೆ ಗಂಗಾ ಏನನ್ನಾದರೂ ಮರೆತದ್ದನ್ನು ನಮ್ಮೂರಲ್ಲಿ ಕಂಡವರಿರಲಿಲ್ಲ. ಅಪ್ಪನ ಶ್ರಾದ್ಧದ ತಿಥಿ ಯಾವುದೆಂದು ಯಾರಿಗಾದರೂ ಅನುಮಾನ ಬಂದರೆ ಪುರೋಹಿತ ಭಟ್ಟರ ಮನೆಗಿಂತ ಮೊದಲು ಇವಳ ಮನೆಯ ಜಗಲಿಗೆ ಬರುತ್ತಿದ್ದರು. ಅವತ್ತು ಯಾರ ಮನೆಯ ದನ ಕರು ಹಾಕಿತ್ತು, ಯಾರು ಹೆರಿಗೆಗೆ ತವರಿಗೆ ಬಂದಿದ್ದಳು ಎಂದು ಸುತ್ತು ಹಾಕಿ, ಕೊನೆಗೆ ಬಹುಳ ಪಂಚಮಿ ಎಂದುಬಿಡುತ್ತಿದ್ದಳು. ಆಮೇಲೆ ಪಂಚಾಂಗ ಬಿಡಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಮಕ್ಕಳಿಲ್ಲ, ಗಂಡ ಬೇಗ ಹೋದ, ಇದ್ದ ತುಂಡು ತೋಟವನ್ನು ಒಬ್ಬಳೇ ನೋಡಿಕೊಂಡಳು. ನಾಲ್ಕು ಜನರ ನಡುವೆ ಅವಳಿಗಿದ್ದ ಮರ್ಯಾದೆಯೆಲ್ಲ ಈ ನೆನಪಿನಿಂದ ಬಂದದ್ದು.

ನಾನು ಸಿದ್ದಾಪುರ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟವನು. ಊರು ಬಿಳಗಿಗೆ ಹೋಗುವ ದಾರಿಯಲ್ಲಿದೆ. ಒಂದು ಸಂಜೆ ಅತ್ತೆಗೆ ಬಿಪಿ ಮಾತ್ರೆ ಕೊಡಲು ಬಂದು ಜಗಲಿಯಲ್ಲಿ ಕೂತಿದ್ದೆ. ಮಬ್ಬುಗತ್ತಲಾಗುತ್ತಿತ್ತು. ಅತ್ತೆ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಬಂದವಳು ಚಪ್ಪಲಿ ಬಿಡುತ್ತಾ ಹೇಳಿದಳು, “ಕಮಲಾಕರನ ಮನೆ ಬೇಲಿ ದಣಪೆ ದಾಟಿ ಯಾರೋ ಮೂಟೆ ಹೊತ್ಕಂಡು ಹೋದ. ಬೆನ್ನು ಮಾತ್ರ ಕಂಡಿದ್ದು, ಮುಖ ಕಂಡಿದ್ದಿಲ್ಲೆ. ಯಾರೋ ಆಳು ಇಕ್ಕು.”

ಮರುದಿನ ಬೆಳಿಗ್ಗೆ ನೋಡಿದರೆ ಪಕ್ಕದ ಮನೆಯ ಕಮಲಾಕರ ಹೆಗಡೆಯವರ ಒಣಗಿದ ಕೆಂಪಡಿಕೆಯ ಮೂಟೆಗಳು ಇರಲಿಲ್ಲ.

ಅಡಿಕೆ ಸುಲಿಯಲು ಈಗ ಎಲ್ಲ ಕಡೆ ಯಂತ್ರ ಬಂದಿದೆ. ನಮ್ಮೂರಿನವರು ಮಾತ್ರ ಇನ್ನೂ ಮುಯ್ಯಾಳು ಬಿಟ್ಟಿಲ್ಲ. ಇವತ್ತು ನಮ್ಮ ಮನೆಯ ಅಡಿಕೆಗೆ ನೀವು ಬನ್ನಿ, ನಾಳೆ ನಿಮ್ಮ ಮನೆಯದಕ್ಕೆ ನಾವು ಬರುತ್ತೇವೆ ಎನ್ನುವ ಲೆಕ್ಕ. ಸಂಜೆ ಚಹಾ ಆದದ್ದೇ ತಡ, ಎಲ್ಲರೂ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಾರೆ. ಕೈ ಅದರಷ್ಟಕ್ಕೆ ಸುಲಿಯುತ್ತಿರುತ್ತದೆ, ಬಾಯಿಗೆ ಕೆಲಸ ಬೇಕಲ್ಲ. ಆ ವರ್ಷ ಕಳ್ಳತನವೇ ಬಾಯಿಗೆ ಸಿಕ್ಕಿತು. ಕಂಡವಳು ಅತ್ತೆ ಒಬ್ಬಳೇ, ಹಾಗಾಗಿ ಪ್ರತಿ ಮನೆಯಲ್ಲೂ ಅವಳೇ ಮತ್ತೆ ಮೊದಲಿನಿಂದ ಹೇಳಬೇಕು.

ಒಂದು ಮನೆಯಲ್ಲಿ ಕಮಲಾಕರ ಹೆಗಡೆಯವರು ಕೇಳಿದರಂತೆ, “ಅತ್ತಿಗೆ, ಅವ ಒಂದು ಬದಿಗೆ ವಾಲಿ ನಡೀತಿದ್ನ?”

“ಇಕ್ಕು. ಸರಿ ನೋಡಿದ್ದಿಲ್ಲೆ” ಎಂದಳಂತೆ ಅತ್ತೆ, ಇದ್ದರೂ ಇರಬಹುದು ಎನ್ನುವ ಹಾಗೆ.

ಮುಂದಿನ ಮನೆಯಲ್ಲಿ ಅತ್ತೆಯ ಕಥೆಯೊಳಗಿನ ಕಳ್ಳ ವಾಲಿ ನಡೆಯುತ್ತಿದ್ದ. ಅದರ ಮುಂದಿನ ಮನೆಯಲ್ಲಿ ಯಾರೋ ತಲೆಗೆ ಟವೆಲ್ ಸುತ್ತಿದರು, ಇನ್ಯಾರೋ ಎಡಭುಜ ಇಳಿಸಿದರು. ನಮ್ಮ ಕಡೆ ಎಡಭುಜ ಇಳಿದು, ವಾಲಿ ನಡೆಯುವವನು ಒಬ್ಬನೇ ಇದ್ದ. ಮರದಿಂದ ಬಿದ್ದು ಹಾಗಾಗಿದ್ದ, ಅಡಿಕೆ ಕೊನೆ ಕೊಯ್ಯುವ ಚನ್ನಯ್ಯ. ಅವನ ಹೆಸರನ್ನು ಅಲ್ಲಿ ಯಾರೂ ಎತ್ತಿರಲಿಲ್ಲವಂತೆ. ಒಂದು ದಿನ ಅತ್ತೆಯೇ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟು, “ಅಯ್ಯೋ, ಅಂವ ಚನ್ನಯ್ಯ. ತಿರುಗಿ ನೋಡಿದ್ದ” ಎಂದಳು.

ಅವಳು ಸುಳ್ಳು ಹೇಳಲಿಲ್ಲ. ಸುಳ್ಳಾಗಿದ್ದರೆ ಹಿಡಿಯಬಹುದಿತ್ತು. ಕಂಡದ್ದು ತಲೆಯೊಳಗೆ ಕಂಡ ಹಾಗೇ ಕೂತಿರುತ್ತದೆ, ಬೇಕಾದಾಗ ಹೊರಗೆ ತೆಗೆದರಾಯಿತು ಎಂದು ನಾವು ತಿಳಿದಿರುತ್ತೇವೆ. ಹಾಗೇನಿಲ್ಲ. ಪ್ರತಿ ಸಲವೂ ಅದನ್ನು ಹೊಸದಾಗಿ ಮಾಡಿಕೊಳ್ಳುತ್ತೇವೆ, ಉಳಿದ ಸಾರನ್ನು ಬಿಸಿಮಾಡಿದ ಹಾಗೆ. ಬಿಸಿಮಾಡುವಾಗೆಲ್ಲ ಪಕ್ಕದಲ್ಲಿದ್ದವರು ಚಿಟಿಕೆ ಉಪ್ಪು ಹಾಕುತ್ತಾರೆ. ಕೊನೆಗೆ ಉಣ್ಣುವವರಿಗೆ ಅದು ಮೊದಲಿನ ಸಾರೇ. ಅದಕ್ಕಿಂತ ಹೆಚ್ಚು ರುಚಿ ಬೇರೆ.

ಕಮಲಾಕರ ಹೆಗಡೆಯವರ ಜಗಲಿಗೆ ಚನ್ನಯ್ಯನನ್ನು ಕರೆಸಿದ ಭಾನುವಾರ ನಾನೂ ಇದ್ದೆ. ಅತ್ತೆ ಮೊದಲ ದಿನ ಮುಖ ಕಂಡಿಲ್ಲ ಎಂದಿದ್ದಳೆಂದು ಎಲ್ಲರೆದುರು ಹೇಳಿದೆ. “ನೀ ಸಮಾ ಕೇಳಿದ್ದಿಲ್ಲೆ ತಮಾ” ಎಂದಳು ಅತ್ತೆ, ಕೋಪವಿಲ್ಲದೆ. ಜನ ನಕ್ಕರು. ಸ್ಕೂಟರಿನ ಕೀಲಿ ಎಲ್ಲಿಟ್ಟೆನೆಂದು ದಿನಾ ಹುಡುಕುವ ನನ್ನ ಮಾತೆಲ್ಲಿ, ಗಂಗಕ್ಕನ ಮಾತೆಲ್ಲಿ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅಂಗಳದಲ್ಲಿ ನಿಂತಿದ್ದ ಚನ್ನಯ್ಯ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಳ್ಳತನವಾದ ಸಂಜೆ ಅವನು ಕಂಠಪೂರ್ತಿ ಕುಡಿದಿದ್ದ. ಎಚ್ಚರವಾಗುವಾಗ ಬಸ್ ಸ್ಟಾಪಿನಲ್ಲಿ ಬಿದ್ದಿದ್ದನಂತೆ, ನಡುವಿನದು ಏನೂ ಗೊತ್ತಿಲ್ಲ.

“ಅಮ್ಮ ಕಂಡೀನಿ ಅಂದ್ರೆ ಕಂಡಿರ್ತಾರೆ” ಎಂದ ಅವನು. “ನಂಗೇ ಗೊತ್ತಾಗ್ಲಿಲ್ಲ ನೋಡಿ.”

ಊರಿನ ಮರ್ಯಾದೆಗೆಂದು ಪೊಲೀಸರಿಗೆ ಹೇಳಲಿಲ್ಲ. ಅದನ್ನು ದೊಡ್ಡ ಉಪಕಾರವೆಂಬಂತೆ ಹೇಳಿಕೊಂಡರು. ಕೊನೆ ಕೊಯ್ಯಲು ಮಾತ್ರ ಅವನನ್ನು ಯಾರೂ ಕರೆಯಲಿಲ್ಲ. ಕಳ್ಳನ ಹೆಂಡತಿ ಎನ್ನಿಸಿಕೊಂಡು ಇರಲಾರೆನೆಂದು ಅವನ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಸ್ವಲ್ಪ ದಿನದಲ್ಲಿ ಅವನೂ ಊರು ಬಿಟ್ಟ.

ಎರಡು ಸುಗ್ಗಿ ಕಳೆದ ಮೇಲೆ ಯಲ್ಲಾಪುರದ ಕಡೆ ಅಡಿಕೆ ಕದಿಯುವಾಗ ಒಬ್ಬ ಸಿಕ್ಕಿಬಿದ್ದ. ಹಳೆಯದೆಲ್ಲ ಒಪ್ಪಿಕೊಂಡ. ಸ್ಥಳ ತೋರಿಸಲೆಂದು ಪೊಲೀಸರು ಅವನನ್ನು ನಮ್ಮೂರಿಗೂ ತಂದರು. ಕೊಟ್ಟಿಗೆಯ ಪಕ್ಕ ತಾಡಪಾಲಿನ ಅಡಿಯಲ್ಲಿ ಮೂಟೆಗಳಿದ್ದ ಜಾಗ, ತಾನು ದಾಟಿದ ದಣಪೆ, ವ್ಯಾನು ನಿಲ್ಲಿಸಿದ್ದ ತಿರುವು, ಎಲ್ಲವನ್ನೂ ಕೇಳುವ ಮೊದಲೇ ತೋರಿಸಿದ. ತಾನೊಬ್ಬನೇ ಬಂದದ್ದು ಎಂದ. ಕುಳ್ಳ, ದಪ್ಪ, ನೆಟ್ಟಗೆ ನಡೆಯುವ ಮನುಷ್ಯ. ಅತ್ತೆ ತನ್ನ ಜಗಲಿಯ ಕಂಬ ಹಿಡಿದುಕೊಂಡು ನೋಡಿದಳು.

“ಚನ್ನಯ್ಯನೂ ಇವನ ಸಂಗ್ತಿಗೆ ಇದ್ದಿಕ್ಕು” ಎಂದರು ಕಮಲಾಕರ ಹೆಗಡೆಯವರು. ಅವರ ಬಾಯಿಂದ ಅದು ಅಷ್ಟು ಸಲೀಸಾಗಿ ಬಂತು.

ಅತ್ತೆ ಊಟ ಬಿಟ್ಟಳು. ನಾನು ಬೈದೆ, ಬೇಡಿಕೊಂಡೆ. “ಆನು ಚನ್ನಯ್ಯನ ಹತ್ರ ಹೋಗ್ತೆ, ಕರ್ಕಂಡು ಹೋಗು” ಎಂದಷ್ಟೇ ಹೇಳಿದಳು. ವಿಚಾರಿಸಿದಾಗ ಬನವಾಸಿಯ ಆಚೆ ಅನಾನಸು ಬೆಳೆಯುವವರ ಹೊಲದಲ್ಲಿ ಕಾವಲಿಗಿದ್ದಾನೆಂದು ತಿಳಿಯಿತು. ನನ್ನ ಹಳೆಯ ಕಾರಿನಲ್ಲಿ ಕರೆದುಕೊಂಡು ಹೋದೆ.

ಮಧ್ಯಾಹ್ನದ ಬಿಸಿಲು. ತಗಡಿನ ಶೆಡ್ಡಿನ ನೆರಳಲ್ಲಿ ಚನ್ನಯ್ಯ ಹಗ್ಗ ಹೊಸೆಯುತ್ತಾ ಕೂತಿದ್ದ. ಬಹಳ ಸೊರಗಿದ್ದ. ನಮ್ಮನ್ನು ಕಂಡು ಎದ್ದು, ಗೋಣಿಚೀಲ ಕೊಡವಿ ಹಾಸಿದ. ಅತ್ತೆ ಕೂರಲಿಲ್ಲ.

“ಚನ್ನಯ್ಯ, ಅವತ್ತು ಕದ್ದದ್ದು ನೀನಲ್ಲ. ಕಳ್ಳ ಸಿಕ್ಕಿದಾನೆ, ಒಪ್ಪಿಕೊಂಡಿದಾನೆ. ನಂದು ತಪ್ಪಾಯ್ತು.”

ಅಳುತ್ತಾನೆ, ಬೈಯುತ್ತಾನೆ ಎಂದು ನಾನು ಕಾದೆ. ಅವನು ಹೊಡೆದಿದ್ದರೂ ನಾನು ತಡೆಯುತ್ತಿರಲಿಲ್ಲವೇನೋ.

“ಇಲ್ಲಮ್ಮ, ಅದು ನಾನೇ” ಎಂದ. “ಆಗ ನಂಗೆ ನೆನಪು ಬಂದಿರ್ಲಿಲ್ಲ. ಇಲ್ಲಿ ಒಬ್ನೇ ಕೂತು ಯೋಚ್ನೆ ಮಾಡ್ತಾ ಮಾಡ್ತಾ ಬಂತು. ಮೂಟೆ ಈ ಭುಜಕ್ಕೆ ಒತ್ತಿದ್ದು ಗೊತ್ತಾಗ್ತದೆ. ದಣಪೆ ದಾಟಿ ತಿರುಗಿ ನೋಡಿದ್ರೆ ನೀವು ಕ್ಯಾನು ಹಿಡ್ಕೊಂಡು ಬರ್ತಿದ್ರಿ. ನಿಮ್ಮ ಮುಖ ಈಗ್ಲೂ ಕಾಣ್ತದೆ.”

“ಹಾಗಾದ್ರೆ ಅಡಿಕೆ ಏನು ಮಾಡಿದೆ?” ನಾನು ಸಿಟ್ಟಿನಿಂದಲೇ ಕೇಳಿದೆ.

“ಅದೊಂದು ಇನ್ನೂ ನೆನಪಿಗೆ ಬರ್ತಾ ಇಲ್ಲ, ಒಡೆಯ. ಬರ್ತದೆ.”

ನಾನು ಕಳ್ಳನ ಹೆಸರು ಹೇಳಿದೆ, ವ್ಯಾನಿನ ಕಥೆ ಹೇಳಿದೆ, ಊರಿಗೆ ವಾಪಸ್ ಬಾ ಎಂದೆ, ಹೆಂಡತಿ ಮಗಳಿಗೆ ನಾನೇ ಹೇಳುತ್ತೇನೆ ಎಂದೆ. ಚಿಕ್ಕ ಮಕ್ಕಳ ಮಾತು ಕೇಳುವವನಂತೆ ತಲೆಯಾಡಿಸಿದ. ನಾವೆಲ್ಲ ದೊಡ್ಡ ಮನಸ್ಸು ಮಾಡಿ ತನ್ನನ್ನು ಉಳಿಸಲು ಬಂದಿದ್ದೇವೆ ಎಂದುಕೊಂಡಿದ್ದ. ಅತ್ತೆಯ ಕಾಲಿಗೆ ಬಿದ್ದು, “ಅನ್ನ ಕೊಟ್ಟ ಊರಲ್ಲಿ ಹಂಗೆ ಮಾಡ್ಬಾರ್ದಿತ್ತು. ಹೆಂಡ್ತಿ ಹೋಗಿದ್ದೇ ಸರಿ” ಎಂದ.

ಅತ್ತೆ ಅವನ ತಲೆ ಮುಟ್ಟಲು ಬಗ್ಗಿದವಳು ಕೈ ಹಿಂದೆ ತೆಗೆದುಕೊಂಡಳು.

ವಾಪಸ್ ಬರುವಾಗ ಶಿರಸಿ ದಾಟಿದ ಮೇಲೆ, ಕಾರು ನಿಲ್ಲಿಸಿ ಅತ್ತೆಗೆ ನೀರು ಕೊಟ್ಟೆ. ಕುಡಿಯಲಿಲ್ಲ. ನನ್ನತ್ತ ನೋಡದೆ ಹೇಳಿದಳು:

“ಕಳ್ಳನ್ನ ಆನೇ ಕಣ್ಣಾರೆ ನೋಡಿದ್ದಿ. ಅಂವ ಚನ್ನಯ್ಯ ಅಲ್ಲ ಹೇಳಿ ಯನಗೆ ಗೊತ್ತಿದ್ದು. ಆದ್ರೂ ಕಣ್ಣು ಮುಚ್ಚಿದ್ರೆ ಆ ದಣಪೆ ಹತ್ರ ಚನ್ನಯ್ಯನೇ ತಿರುಗಿ ನೋಡ್ತ. ‘ನೀನಲ್ಲ’ ಹೇಳಿ ಅವನಿಗೆ ಹೇಳುವಾಗ, ತಮಾ, ಯನಗೆ ಸುಳ್ಳು ಹೇಳಿದ ಹಂಗೇ ಆತು.”